ಬಲಗೈಯ ಗಡಿಯಾರ

2025ರ ಸೆಪ್ಟೆಂಬರ್ 15, ಸೋಮವಾರ, ಬೆಳಿಗ್ಗೆ 10.20. ಕಂಪಲಾಪುರದ ಪುಟ್ಟಸಿದ್ದಮ್ಮ ಠಾಣೆಯ ಮೆಟ್ಟಿಲು ಹತ್ತಿ ಬಂದರು. ವಯಸ್ಸು ನಲವತ್ತಾರು, ಕಸುಬು ಕೂಲಿ. ಬೆರಳ ಸಂದುಗಳಲ್ಲಿ ಹೊಗೆಸೊಪ್ಪಿನ ಅಂಟು ಕಪ್ಪಾಗಿ ಕೂತಿತ್ತು.

ನಾಲ್ಕು ದಿನದ ಹಿಂದೆ, ಗುರುವಾರ, ಅವರ ಮಗ ನಿಂಗರಾಜು ಕಂಪಲಾಪುರದಿಂದ ರಾವಂದೂರಿಗೆ ಹೋಗುವ ರಸ್ತೆಯ ಪಕ್ಕ, ಲಾಂಟಾನ ಪೊದೆಯ ಹಿಂದೆ ಸತ್ತು ಬಿದ್ದಿದ್ದ. ಹತ್ತೊಂಬತ್ತು ವರ್ಷ. ಸೈಕಲ್ ಸ್ಪರ್ಧೆಗೆ ತಯಾರಿ ಮಾಡುತ್ತಿದ್ದವನು. ತರಚು ಗಾಯ ಬಿಟ್ಟರೆ ಮೈಮೇಲೆ ಪೆಟ್ಟಿರಲಿಲ್ಲ. ಅಸಹಜ ಮರಣವೆಂದು ದಾಖಲಾಗಿ ಕಡತ ಮುಚ್ಚುವ ಹಂತಕ್ಕೆ ಬಂದಿತ್ತು.

ಹೆಡ್ ಕಾನ್ಸ್‌ಟೇಬಲ್ ಷಣ್ಮುಖಪ್ಪ ತಲೆಯೆತ್ತಿ ನೋಡಿದರು.

"ಏನಮ್ಮ, ಪೋಸ್ಟ್‌ಮಾರ್ಟಂ ರಿಪೋರ್ಟ್ ಬಂದ ಮೇಲೆ ಹೇಳಿ ಕಳಿಸ್ತೀವಿ ಅಂದಿದ್ನಲ್ಲ."

"ಅದಕ್ಕಲ್ಲ ಕಣಪ್ಪ. ವಾಚಿನ ಇಸ್ಯ."

"ವಾಚು ಕೊಟ್ಟಾಯ್ತಲ್ಲ. ಹೆಬ್ಬೆಟ್ಟು ಒತ್ತಿ ಈಸ್ಕೊಂಡಿದ್ದೀಯ."

"ಎಡಗೈದು ಕೊಟ್ರಿ. ಬಲಗೈದೆಲ್ಲಿ?"

"ಎರಡೆರಡು ಕೈಗೆ ಕಟ್ಕೊಳ್ಳೋಕೆ ನಿನ್ನ ಮಗ ಗಡಿಯಾರದ ಅಂಗಡಿ ಇಟ್ಟಿದ್ನಾ?"

ಪಕ್ಕದ ಮೇಜಿನವರೂ ನಕ್ಕರು. ಪುಟ್ಟಸಿದ್ದಮ್ಮ ನಗು ನಿಲ್ಲುವವರೆಗೂ ಷಣ್ಮುಖಪ್ಪನವರ ಮುಖವನ್ನೇ ನೋಡಿದರು.

"ನಗು ಕಣಪ್ಪ. ಸತ್ತಿರೋದು ನಿನ್ನ ಮನೇಲಲ್ಲ."

ಇನ್ಸ್‌ಪೆಕ್ಟರ್ ಸಂಘಮಿತ್ರ ಒಳಗಿನ ಕೋಣೆಯಿಂದ ಎದ್ದು ಬಂದರು. ಎಚ್.ಡಿ. ಕೋಟೆಯವರು. ಇಲಾಖೆಗೆ ಸೇರುವ ಮೊದಲು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಪಾಠ ಮಾಡಿದ್ದವರು. ಆ ಅಸಹಜ ಮರಣದ ಶವಪಂಚನಾಮೆಯ ಕೆಳಗೆ ಇದ್ದುದು ಅವರದೇ ಸಹಿ.

"ಕೂತ್ಕೊಳ್ಳಿ ಅಮ್ಮ. ಬಲಗೈ ವಾಚು ಯಾರದು?"

"ನಮ್ಮದಲ್ಲ ಮೇಡಮ್ಮೋರೆ. ರಾವಂದೂರಿನ ಸುನೀಲಂದು. ಸೈಕಲ್ ಕಲಿಸ್ತಾನಲ್ಲ ಯತೀಶ, ಅವನ ಅಕ್ಕನ ಮಗ. ನನ್ನ ಮಗ ಒಂದು ತಿಂಗಳಿಂದ ಅದನ್ನ ಬಲಗೈಗೆ ಕಟ್ಕೊಂಡೇ ಸೈಕಲ್ ಓಡಿಸ್ತಿದ್ದ. ಯಾಕ್ಲಾ ಅಂದ್ರೆ, ಯತೀಶಣ್ಣ ಯೋಳವ್ನೆ ಕಣವ್ವ, ಈ ವರ್ಷ ಅವಂದು, ಮುಂದಿನ ವರ್ಷ ನಂದು ಅಂತಿದ್ದ."

"ಅದು ಈಗ ಎಲ್ಲಿದೆ ಗೊತ್ತಾ?"

"ಗೊತ್ತು. ಸುನೀಲನ ಕೈಲೈತೆ. ನೆನ್ನೆ ರಾವಂದೂರಿಗೋಗಿ ಕಣ್ಣಾರ ನೋಡ್ಕೊಂಡು ಬಂದೆ. ಪಟ್ಟಿಯ ತುದಿ ಸಿಗಿಸೋ ಬಳೆ ಕಿತ್ತೋಗಿತ್ತು ಅಂತ ನಾನೇ ದಾರ ಸುತ್ತಿ ಕಟ್ಟಿದ್ದೆ. ಸೊಪ್ಪು ಕೋಲಿಗೆ ಕಟ್ತೀವಲ್ಲ, ಆ ದಾರ, ಆ ಗಂಟು. ಅಂಗೇ ಐತೆ. ಕೇಳಿದ್ರೆ ಅವರವ್ವ, ನಿನ್ನ ಮಗನಿಗೆ ವಾಚು ಕೊಟ್ಟೇ ಇಲ್ಲ ನಡಿ ಆಚೆಗೆ ಅಂದ್ಲು."

ಸಂಘಮಿತ್ರ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಆ ಹೊಲದ ತಿಮ್ಮಯ್ಯನೇ ಮೊದ್ಲು ನೋಡಿದ್ದು, ಅದಕ್ಕೂ ಮುಂಚೆ ಯಾರೂ ಅತ್ರ ಇರ್ನಿಲ್ಲ ಅಂತ ನೀವೇ ಬರ್ಕೊಂಡ್ರಿ. ಅಂಗಾದ್ರೆ ನನ್ನ ಮಗನ ಕೈಯಿಂದ ಅದನ್ನ ಬಿಚ್ಕೊಂಡೋದೋರು ಯಾರು? ಬಿಚ್ಚುವಾಗ ಜೀವ ಇತ್ತಾ? ಬಾಯಿಗೆ ಒಂದು ತೊಟ್ಟು ನೀರಾದ್ರೂ ಬುಟ್ರಾ? ನಂಗೆ ಅಷ್ಟು ತಿಳೀಬೇಕು. ಮಾತ್ರೆ ನುಂಗಿ ಸತ್ತ ಅಂತ ಊರು ತುಂಬ ಸಾರ್ಕೊಂಡು ತಿರುಗ್ತಾವ್ನೆ ಆ ಯತೀಶ."

ದೂರನ್ನು ಬರೆದುಕೊಂಡು ಓದಿ ಹೇಳಿ ಹೆಬ್ಬೆಟ್ಟು ಪಡೆದಾಗ 10.55. ಬರೆದುಕೊಂಡವರು ಷಣ್ಮುಖಪ್ಪನವರೇ. ಈ ಸಲ ಅವರು ನಗಲಿಲ್ಲ.

*

ಸಂಘಮಿತ್ರ ಕಡತ ತರಿಸಿ ಮೊದಲಿನಿಂದ ಓದಿದರು. ನಾಲ್ಕು ದಿನದ ಹಿಂದೆ ಇದೇ ಹಾಳೆಗಳನ್ನು ಅವರು ಹತ್ತು ನಿಮಿಷದಲ್ಲಿ ಓದಿ ಮುಗಿಸಿದ್ದರು. ಯತೀಶನ ಹೇಳಿಕೆ ಅರ್ಧ ಪುಟ: 'ನಿಂಗರಾಜು ನಮ್ಮ ಕ್ಲಬ್ಬಿನವನು. ಅಂದು ಒಬ್ಬನೇ ಹೋಗಿದ್ದ. ಶಕ್ತಿ ಬರಲೆಂದು ಏನೋ ಮಾತ್ರೆ ತೆಗೆದುಕೊಳ್ಳುತ್ತಿದ್ದನೆಂದು ಕೇಳಿದ್ದೇನೆ.' ಯಾರಿಂದ ಕೇಳಿದೆ ಎಂದು ಯಾರೂ ಕೇಳಿರಲಿಲ್ಲ.

ಶವದ ಫೋಟೋ ಹನ್ನೆರಡು. ಏಳನೆಯದರಲ್ಲಿ ಎರಡೂ ಕೈ ಕಾಣುತ್ತಿದ್ದವು. ಬಿಸಿಲಿಗೆ ಸುಟ್ಟ ಚರ್ಮದಲ್ಲಿ ಬಲಮಣಿಕಟ್ಟಿನ ಸುತ್ತ ಒಂದೂಕಾಲು ಅಂಗುಲ ಅಗಲದ ಬಿಳಿ ಪಟ್ಟಿ. ಎಡಗೈಯ ಗಡಿಯಾರದ ಪಕ್ಕದಲ್ಲೂ ಅಂಥದೇ ಬಿಳಿ ಅಂಚು. ಫೋಟೋ ಅವರ ಮೇಜಿನ ಮೇಲೆಯೇ ಇತ್ತು, ನಾಲ್ಕು ದಿನ.

ಅವರು ಕಾನ್ಸ್‌ಟೇಬಲ್ ಮಹೇಶ್‌ಕುಮಾರ್‌ನನ್ನು ಕರೆದರು. ಇಲಾಖೆಯ ಕ್ರೀಡಾಕೂಟದಲ್ಲಿ ಸೈಕಲ್ ಓಡಿಸುವವನು. ಎಲ್ಲ ಫೋಟೋಗಳನ್ನೂ ಅವನ ಮುಂದೆ ಹರಡಿ, ಏನು ಕಾಣುತ್ತದೆ ಎಂದರು.

ಅವನು ಮೂರನೆಯದನ್ನು ಎತ್ತಿಕೊಂಡ. ಪೊದೆಯ ಹಿಂದೆ ಮಲಗಿದ್ದ ಸೈಕಲ್.

"ಇದು ಬಿದ್ದ ಸೈಕಲ್ ಅಲ್ಲ ಮೇಡಂ. ಇಟ್ಟ ಸೈಕಲ್."

"ಹೇಗೆ?"

"ಚೈನು, ಗೇರು ಎಲ್ಲ ಬಲಗಡೆ ಇರುತ್ತೆ. ಆ ಕಡೆ ನೆಲಕ್ಕೆ ಮಾಡಿ ಮಲಗಿಸಿದ್ರೆ ಗೇರು ಬಗ್ಗಿಹೋಗುತ್ತೆ. ಅದಕ್ಕೇ ರೇಸ್ ಓಡಿಸೋರು ಯಾವಾಗ್ಲೂ ಎಡಗಡೆ ಕೆಳಗೆ ಮಾಡಿ ಇಡೋದು. ಮೊದಲ ದಿನವೇ ಬೈದು ಬೈದು ಕಲಿಸ್ತಾರೆ. ಆಮೇಲೆ ಕೈ ತಾನಾಗೇ ಮಾಡುತ್ತೆ. ಇಲ್ಲಿ ನೋಡಿ, ಚೈನು ಮೇಲಿದೆ. ಹುಡುಗನ ತರಚು ಗಾಯ ಎಲ್ಲಿವೆ?"

"ಬಲಮೊಣಕೈ, ಬಲಮಂಡಿ."

"ಹ್ಯಾಂಡಲ್ಲಿನ ಟೇಪೂ ಬಲಗಡೆಯೇ ಹರಿದಿದೆ. ಬಲಕ್ಕೆ ಬಿದ್ದಿದ್ದಾನೆ. ಸೈಕಲ್ ಮಾತ್ರ ಎಡಕ್ಕೆ ಮಲಗಿದೆ. ಯಾರೋ ಎತ್ತಿ ತಂದು ಇಟ್ಟಿದ್ದಾರೆ. ಹಳ್ಳಿಯವರು ಇಟ್ಟಿದ್ರೆ ಹೆಂಗೆ ಬೇಕಾದ್ರೂ ಎಸೀತಿದ್ರು. ಇದು ಕಲಿತ ಕೈ."

ಮಧ್ಯಾಹ್ನ 12.40ಕ್ಕೆ ಅವರು ಸ್ಥಳದಲ್ಲಿದ್ದರು. ರಸ್ತೆಯಿಂದ ಪೊದೆಯ ಹಿಂಭಾಗಕ್ಕೆ ಹದಿನಾಲ್ಕು ಅಡಿ. ರಸ್ತೆಯಲ್ಲಿ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಹೊಲದ ಮಾಲೀಕ ತಿಮ್ಮಯ್ಯನನ್ನು ಪಂಚರ ಎದುರಿನಲ್ಲೇ ವಿಚಾರಿಸಿದರು.

"ಎಷ್ಟೊತ್ತಿಗೆ ನೋಡಿದೆ?"

"ಎಂಟು ಇಪ್ಪತ್ತು ಇರ್ಬೋದು ಮೇಡಂ. ಹಸ ತಪ್ಪಿಸ್ಕೊಂಡಿತ್ತು, ಉಡುಕ್ಕೊಂಡು ಒಳಗೆ ಬಂದೆ. ಇಲ್ದಿದ್ರೆ ಸಂಜೆವರ್ಗೂ ಗೊತ್ತಾಯ್ತಿರ್ನಿಲ್ಲ."

"ಈ ರಸ್ತೆಯಲ್ಲಿ ಬೆಳಿಗ್ಗೆ ಯಾರೂ ಓಡಾಡಲ್ವಾ?"

"ಯಾಕಿಲ್ಲ? ಹಾಲಿನ ವ್ಯಾನು ಆರೂ ಐವತ್ತಕ್ಕೆ ಗಡಿಯಾರ ಇಟ್ಟಂಗೆ ಓಗ್ತದೆ. ಆಮೇಲೆ ಸ್ಕೂಲ್ ಬಸ್ಸು. ರೋಡಲ್ಲಿ ಬಿದ್ದಿದ್ರೆ ಯಾರಾದ್ರೂ ಎತ್ತಾಕ್ಕೊಂಡು ಓಗ್ತಿದ್ರು."

ಸಂಘಮಿತ್ರ ಆ ಮಾತನ್ನು ಪಂಚನಾಮೆಯಲ್ಲಿ ಬರೆಸಿದರು. ಶವದ ಮೇಲಿದ್ದ ಬಟ್ಟೆಗಳ ಗಂಟನ್ನು ಬಿಚ್ಚಿಸಿ ನೋಡಿದಾಗ ಕ್ಯಾನ್ವಾಸ್ ಶೂಗಳ ಹಿಮ್ಮಡಿ ಸವೆದು ಮಣ್ಣು ಮೆತ್ತಿತ್ತು. ಸೈಕಲ್ ತುಳಿಯುವವನ ಶೂ ಹಿಮ್ಮಡಿಯಲ್ಲಿ ಹಾಗೆ ಸವೆಯುವುದಿಲ್ಲ. ಕಂಕುಳಲ್ಲಿ ಕೈ ಹಾಕಿ ಹಿಂದಕ್ಕೆ ಎಳೆದರೆ ಸವೆಯುತ್ತದೆ.

*

ನಿಂಗರಾಜುವಿನ ಫೋನು ಮತ್ತು ಎಡಗೈ ಗಡಿಯಾರವನ್ನು ಪುಟ್ಟಸಿದ್ದಮ್ಮನವರ ಮನೆಯಲ್ಲಿ ಮಹಜರು ಮಾಡಿ ವಶಕ್ಕೆ ಪಡೆದರು. ಫೋನಿಗೆ ಪಾಸ್‌ವರ್ಡೇ ಇರಲಿಲ್ಲ. ಸೈಬರ್ ವಿಭಾಗದ ಸಿಬ್ಬಂದಿ ಮಾಹಿತಿಯ ಪ್ರತಿ ತೆಗೆದು, ಮೂಲವನ್ನು ಮೊಹರು ಮಾಡಿದ ಮೇಲೆ, ಮಂಗಳವಾರ ಬೆಳಿಗ್ಗೆ ಸಂಘಮಿತ್ರ ಅದರ ಮುಂದೆ ಕೂತರು.

ಈ ಗಡಿಯಾರಗಳು ಚರ್ಮದೊಳಕ್ಕೆ ಹಸಿರು ಬೆಳಕು ಬಿಡುತ್ತವೆ. ಎದೆ ಬಡಿದಾಗಲೆಲ್ಲ ಮಣಿಕಟ್ಟಿನ ರಕ್ತನಾಳ ಕೊಂಚ ಉಬ್ಬುತ್ತದೆ, ಉಬ್ಬಿದಾಗ ಹೆಚ್ಚು ಬೆಳಕನ್ನು ಹೀರುತ್ತದೆ. ಆ ಏರಿಳಿತ ಎಣಿಸಿ ನಿಮಿಷಕ್ಕೆ ಇಷ್ಟು ಬಡಿತ ಎಂದು ತೋರಿಸುತ್ತವೆ. ಸವಾರಿ ಮುಗಿದ ಮೇಲೆ ದಾರಿ, ವೇಗ, ಬಡಿತ ಎಲ್ಲ ಸೇರಿ ತರಬೇತಿಯ ಆ್ಯಪ್‌ಗೆ ಹೋಗುತ್ತದೆ. ಗಡಿಯಾರಕ್ಕೆ ರಕ್ತ ಗೊತ್ತು. ಯಾರ ರಕ್ತ ಎಂಬುದು ಗೊತ್ತಿಲ್ಲ. ಮೇಲೆ ಯಾರ ಹೆಸರಿದೆಯೋ ಅವರದೆಂದು ಬರೆದುಕೊಳ್ಳುತ್ತದೆ.

ಒಂದು ಕ್ರೀಡಾ ವಸತಿ ನಿಲಯದ ಆಯ್ಕೆಯ ಮೊದಲ ಸುತ್ತು ಆ್ಯಪ್ ಮೂಲಕವೇ ನಡೆದಿತ್ತು. ನಲವತ್ತು ಕಿಲೋಮೀಟರಿನ ಒಂದೇ ಸವಾರಿ, ಎದೆಬಡಿತದ ಸಮೇತ. ದಾರಿಯಲ್ಲಿ ಒಟ್ಟು ಎರಡು ನಿಮಿಷಕ್ಕಿಂತ ಹೆಚ್ಚು ನಿಂತರೆ ಲೆಕ್ಕಕ್ಕಿಲ್ಲ. ಕೊನೆಯ ದಿನ ಸೆಪ್ಟೆಂಬರ್ 11. ಕ್ಲಬ್ಬಿನ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಸುನೀಲ್‌ಕುಮಾರನ ಸವಾರಿ ಇತ್ತು: ಕೊಪ್ಪದಿಂದ ಹೊರಟು ಪಿರಿಯಾಪಟ್ಟಣ, ಕಂಪಲಾಪುರ ದಾಟಿ ರಾವಂದೂರು. ಆರಂಭ 5.52, ಮುಕ್ತಾಯ 7.06. ಕೆಳಗೆ ಇಪ್ಪತ್ತಮೂರು ಜನ ಅಭಿನಂದನೆ ಹೇಳಿದ್ದರು.

ಅದೇ ಬೆಳಗಿನ ನಿಂಗರಾಜುವಿನ ಸವಾರಿಯೂ ಅವನ ಫೋನಿನಲ್ಲಿತ್ತು. 'ನನಗೆ ಮಾತ್ರ' ಎಂದು ಗುರುತು ಹಾಕಿದ್ದರಿಂದ ಬೇರೆ ಯಾರಿಗೂ ಕಂಡಿರಲಿಲ್ಲ.

ಸಂಘಮಿತ್ರ ಎರಡನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿದರು. 5.52ರಿಂದ 6.44ರವರೆಗೆ ಎರಡು ಗೆರೆಗಳು ಒಂದರ ಮೇಲೊಂದು ಕೂತವು. ಏರಿನಲ್ಲಿ ಅವನದು 181, ಇವನದೂ 181. ಇಳಿಜಾರಿನಲ್ಲಿ 158, 157. ಜೊತೆಯಾಗಿ ಸೈಕಲ್ ತುಳಿಯುವ ಇಬ್ಬರ ದಾರಿ ಒಂದೇ ಇರಬಹುದು, ವೇಗ ಒಂದೇ ಇರಬಹುದು. ಇಬ್ಬರ ಎದೆ ಐವತ್ತೆರಡು ನಿಮಿಷ ಒಂದೇ ತಾಳದಲ್ಲಿ ಬಡಿಯುವುದಿಲ್ಲ.

6.44ಕ್ಕೆ, ಇಪ್ಪತ್ತೊಂಬತ್ತನೇ ಕಿಲೋಮೀಟರಿನಲ್ಲಿ, ಎರಡೂ ನಿಂತಿದ್ದವು. ಸುನೀಲನ ಹೆಸರಿನದು ಒಂದು ನಿಮಿಷ ನಲವತ್ತೊಂದು ಸೆಕೆಂಡು ನಿಂತು ಮತ್ತೆ ಹೊರಟಿತ್ತು. ಆಮೇಲಿನ ಹನ್ನೊಂದು ಕಿಲೋಮೀಟರಿನಲ್ಲಿ ಗಂಟೆಗೆ ಮೂವತ್ತಮೂರರ ವೇಗ, ಎದೆಬಡಿತ 112ರಿಂದ 121. ಏರು ಬಂದರೂ ಅಷ್ಟೇ, ಇಳಿಜಾರಾದರೂ ಅಷ್ಟೇ. ಆ ಕಾಲುಗಳು ಏನನ್ನೂ ತುಳಿಯುತ್ತಿರಲಿಲ್ಲ.

"ಮೋಟಾರ್ ಬೈಕು," ಎಂದ ಮಹೇಶ್‌ಕುಮಾರ್.

"ಹೌದು. ಇಪ್ಪತ್ತೊಂಬತ್ತು ಕಿಲೋಮೀಟರ್ ನಿಂಗರಾಜುವಿನ ಎದೆ, ಹನ್ನೊಂದು ಇನ್ನೊಬ್ಬನ ಎದೆ. ಸುನೀಲ ಪಾಸಾದ ಸವಾರಿಯಲ್ಲಿ ಸುನೀಲನ ಬಡಿತ ಒಂದೂ ಇಲ್ಲ."

"ನಿಂಗರಾಜುದು ಅಲ್ಲಿಗೇ ನಿಂತೋಯ್ತಾ ಮೇಡಂ?"

"ಆ್ಯಪ್ ನಿಂತಿತು. ಸೈಕಲ್ ಚಲಿಸದಿದ್ದರೆ ಅದು ತಾನಾಗೇ ನಿಲ್ಲುತ್ತೆ. ಗಡಿಯಾರ ನಿಲ್ಲಲ್ಲ. ದಿನವಿಡೀ ಎಣಿಸ್ತಾನೇ ಇರುತ್ತೆ."

ಅವರು ಇನ್ನೊಂದು ಹಾಳೆಯನ್ನು ಅವನ ಕಡೆ ತಳ್ಳಿದರು. 6.46: 174. 6.50: 149. 6.54: 88. 6.58: 51. 7.00: 37. 7.01ರ ಮುಂದೆ ಸಣ್ಣದೊಂದು ಗೆರೆ ಮಾತ್ರ.

ಮಹೇಶ್‌ಕುಮಾರ್ ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಆಮೇಲೆ ಅಷ್ಟೇ ಮೆಲ್ಲಗೆ ಒಂದು ಕೆಟ್ಟ ಬೈಗುಳ ಬೈದ. ಸಂಘಮಿತ್ರ ಅವನನ್ನು ತಡೆಯಲಿಲ್ಲ.

ಶವಪರೀಕ್ಷೆ ಮಾಡಿದ ವೈದ್ಯರನ್ನು ಫೋನಿನಲ್ಲಿ ಕೇಳಿದರು. ಹೃದಯದ ಸ್ನಾಯು ಊದಿಕೊಂಡಂತಿತ್ತು, ಜ್ವರದ ನಂತರ ಹಾಗಾಗುವುದುಂಟು, ತುಣುಕು ಪ್ರಯೋಗಾಲಯಕ್ಕೆ ಹೋಗಿದೆ, ಹೊಟ್ಟೆಯಲ್ಲಿ ಮಾತ್ರೆಯ ಕುರುಹು ಕಾಣಲಿಲ್ಲ ಎಂದರು.

"ಗಡಿಯಾರದ ಅಂಕಿಗಳು ನಂಬಬಹುದಾ ಡಾಕ್ಟ್ರೇ?"

"ಐದು ಹತ್ತು ಹೆಚ್ಚುಕಮ್ಮಿ ಇರಬಹುದು. ಆದರೆ ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿದೆ ಅಂದರೆ ರಕ್ತ ಓಡ್ತಾ ಇತ್ತು."

"ಕಂಪಲಾಪುರದ ಆಸ್ಪತ್ರೆ ನಾಲ್ಕು ಕಿಲೋಮೀಟರ್. ಕರ್ಕೊಂಡು ಹೋಗಿದ್ರೆ?"

"ಉಳೀತಿದ್ದ ಅಂತ ಪ್ರಮಾಣ ಮಾಡಿ ಹೇಳಲಾರೆ. ಉಳಿಯೋ ಅವಕಾಶ ಇತ್ತು ಅಂತ ಬರೆದುಕೊಡ್ತೀನಿ."

ಫೋನಿನಲ್ಲಿ ಇನ್ನೂ ಒಂದಿತ್ತು. ಆಗಸ್ಟಿನಲ್ಲಿ ನಿಂಗರಾಜು ಮಲಗಿದ್ದಾಗಿನ ಎದೆಬಡಿತ 47. ಜ್ವರ ಬಂದ ಮೇಲೆ ಸೆಪ್ಟೆಂಬರ್ 8ರಂದು 63, ಒಂಬತ್ತರಂದು 71. ಒಂಬತ್ತರ ಸಂಜೆ ಅವನು ಯತೀಶನಿಗೆ ಕಳಿಸಿದ್ದ ಸಂದೇಶ: 'ಅಣ್ಣ ಜ್ವರ ಬಿಟ್ಟೈತೆ ಆದ್ರೆ ಎದೆ ಡವಡವ ಅಂತೈತೆ. ಮೆಟ್ಲು ಅತ್ತಿದ್ರೂ ಸುಸ್ತು. ಎರಡು ದಿನ ಬುಡಣ್ಣ.' ಜೊತೆಗೆ ಬಡಿತದ ಚಿತ್ರವನ್ನೂ ಕಳಿಸಿದ್ದ. ಉತ್ತರ ಮೂರು ನಿಮಿಷದಲ್ಲಿ ಬಂದಿತ್ತು: 'ಗುರುವಾರ ಲಾಸ್ಟ್ ಡೇಟ್. ಆಮೇಲೆ ಬೇಕಾದ್ರೆ ಒಂದು ತಿಂಗಳು ಮಲ್ಕೊ.'

*

ಮಂಗಳವಾರ ಸಂಜೆ 5.15ಕ್ಕೆ ಎಫ್‌ಐಆರ್ ದಾಖಲಾಯಿತು. ಕೊಲೆಯಲ್ಲದ ಮಾನವಹತ್ಯೆ, ಸಾಕ್ಷ್ಯ ನಾಶ, ವಂಚನೆ. ಕಲಂ ಬರೆಯುವಾಗ ಷಣ್ಮುಖಪ್ಪ ಪೆನ್ನು ಹಿಡಿದು ಕೂತರು.

"ಮೇಡಂ, ನಾಳೆ ವಕೀಲ ಕೇಳ್ತಾನೆ. ಸಹಾಯ ಮಾಡ್ಲಿಲ್ಲ ಅಂದ್ರೆ ಅದು ಹತ್ಯೆ ಹೆಂಗಾಯ್ತದೆ ಅಂತ."

"ಸುಮ್ಮನೆ ಬಿಟ್ಟು ಹೋಗಿದ್ದರೆ ನಾನೂ ಅದನ್ನೇ ಕೇಳ್ತಿದ್ದೆ ಷಣ್ಮುಖಪ್ಪ. ಆರೂ ನಲವತ್ತನಾಲ್ಕಕ್ಕೆ ಬಿದ್ದ. ಆರೂ ಐವತ್ತಕ್ಕೆ ಹಾಲಿನ ವ್ಯಾನು. ರಸ್ತೆಯಲ್ಲೇ ಬಿದ್ದಿರಲಿ ಅಂತ ಬಿಟ್ಟಿದ್ದರೂ ಆರು ನಿಮಿಷಕ್ಕೆ ಒಬ್ಬ ಮನುಷ್ಯ ಬರ್ತಿದ್ದ. ಜನ ಸೇರಿದರೆ ಸವಾರಿ ಕೆಡುತ್ತೆ ಅಂತ ವಾಚು ಬಿಚ್ಚಿಕೊಂಡವನು ಪೊದೆ ಹಿಂದಕ್ಕೆ ಎಳೆದಿದ್ದಾನೆ. ಬರೋ ಸಹಾಯಕ್ಕೆ ಅಡ್ಡ ಹಾಕಿದ್ದಾನೆ. ಬರೀರಿ."

ಷಣ್ಮುಖಪ್ಪ ಬರೆದರು. ಬರೆದ ಮೇಲೆ, "ಸೋಮವಾರ ಆಯಮ್ಮನ ಹತ್ರ ನಾನು ಹಂಗೆ ಮಾತಾಡಬಾರದಿತ್ತು," ಎಂದರು.

"ನಾನು ಗುರುವಾರ ಹಾಗೆ ಸಹಿ ಹಾಕಬಾರದಿತ್ತು," ಎಂದರು ಸಂಘಮಿತ್ರ.

ಬುಧವಾರ ರಾವಂದೂರಿನ ಹೊರವಲಯದ ಒಂದು ರೈಸ್ ಮಿಲ್ಲಿನ ಕ್ಯಾಮೆರಾ ದೃಶ್ಯ ಸಿಕ್ಕಿತು. ಸುನೀಲನ ಸವಾರಿಯ ಪ್ರಕಾರ ಅವನ ಸೈಕಲ್ 7.04ಕ್ಕೆ ಆ ಗೇಟು ದಾಟಿತ್ತು. ಗೇಟಿನ ಮುಂದೆ ಆ ಹೊತ್ತಿನಲ್ಲಿ ಸೈಕಲ್ಲೇ ಇರಲಿಲ್ಲ. ಒಂದು ಬೈಕು ನಿಧಾನಕ್ಕೆ, ರಸ್ತೆಯ ಎಡಕ್ಕೆ ಅಂಟಿಕೊಂಡು ಹೋಯಿತು. ಓಡಿಸುತ್ತಿದ್ದವನ ಬಲಮಣಿಕಟ್ಟಿನಲ್ಲಿ ಗಡಿಯಾರ. ಬೈಕಿನ ಸಂಖ್ಯೆ ಯತೀಶನದು. ಹುಣಸೂರಿಗೆ ಹೋದ ಮಹೇಶ್‌ಕುಮಾರ್ ಒಂದು ಕ್ಲಿನಿಕ್ಕಿನಿಂದ ಇನ್ನೊಂದು ಕಾಗದ ತಂದ.

ಗುರುವಾರ ಬೆಳಿಗ್ಗೆ 11ಕ್ಕೆ ಸುನೀಲ ತಂದೆ ಸೋಮಯ್ಯನ ಜೊತೆ ಠಾಣೆಗೆ ಬಂದ. ಇಪ್ಪತ್ತು ತುಂಬಿತ್ತು. ಗಡಿಯಾರ ಕೈಯಲ್ಲೇ ಇತ್ತು, ಪಟ್ಟಿಯ ಮೇಲೆ ದಾರದ ಗಂಟಿನ ಸಮೇತ.

"ಹೋದ ಗುರುವಾರ ಬೆಳಿಗ್ಗೆ ಎಲ್ಲಿದ್ದೆ?"

"ಸೈಕಲ್ ತುಳೀತಿದ್ದೆ."

"ಎಷ್ಟು?"

"ನಲವತ್ತು ಕಿಲೋಮೀಟರ್."

"ಎದ್ದು ನಿಂತ್ಕೊ. ಈಗ ಕುಕ್ಕರಗಾಲಲ್ಲಿ ಕೂತ್ಕೊ."

ಅವನು ಅರ್ಧಕ್ಕೆ ಮೇಜು ಹಿಡಿದುಕೊಂಡ. ಸೋಮಯ್ಯ ನಡುವೆ ಬಾಯಿ ಹಾಕಿದ.

"ಮೊನ್ನೆ ಮಂಡಿ ಉಳುಕ್ತು ಮೇಡಂ, ಅದಕ್ಕೇಯ."

"ಮೊನ್ನೆ ಅಲ್ಲ. ಸೆಪ್ಟೆಂಬರ್ ಆರು. ಹುಣಸೂರಿನ ಕ್ಲಿನಿಕ್ಕಿನ ಚೀಟಿ ಇದು. ಮೂರು ವಾರ ಸೈಕಲ್ ಮುಟ್ಟಬೇಡ ಅಂತ ಬರೆದಿದೆ. ನೀವು ಸುಮ್ಮನಿರಿ. ಸುನೀಲ, ವಾಚು ನಿನ್ನ ಕೈಗೆ ಯಾವಾಗ ಬಂತು?"

ಸುನೀಲ ಪಟ್ಟಿಯ ಗಂಟನ್ನು ಬೆರಳಿನಿಂದ ಮುಚ್ಚಿಕೊಂಡ.

"ಗುರುವಾರ. ಏಳೂಕಾಲಿಗೆ. ಮಾವ ತಂದುಕೊಟ್ರು."

"ಏನಂದ?"

"ಪಾಸಾದೆ ಕಣ್ಲಾ ಅಂದ್ರು."

"ನಿಂಗರಾಜು ಎಲ್ಲಿ ಅಂತ ಕೇಳಲಿಲ್ವಾ?"

"ಕೇಳ್ದೆ. ಇಂದೆ ಬತ್ತಾವ್ನೆ ಅಂದ್ರು."

"ಸತ್ತ ಅಂತ ಗೊತ್ತಾದ ಮೇಲೂ ಅದನ್ನ ಕೈಯಿಂದ ಬಿಚ್ಚಲಿಲ್ಲ?"

"ಬಿಚ್ಚಬ್ಯಾಡ ಅಂದ್ರು. ಇಷ್ಟು ದಿನ ಬತ್ತಿದ್ದ ಬಡಿತದ ಲೆಕ್ಕ ಇವತ್ತೇ ನಿಂತ್ರೆ ಅನುಮಾನ ಬತ್ತದೆ, ಮಲಗುವಾಗ್ಲೂ ಕಟ್ಕೊಂಡಿರು ಅಂದ್ರು." ಅವನು ಅಳತೊಡಗಿದ. "ನಂಗೆ ಮಲಗಾಕೇ ಆಯ್ತಿಲ್ಲ ಮೇಡಂ. ಅದು ಕೈಯ ಮ್ಯಾಲೆ ಅಸ್ರು ಅಸ್ರಾಗಿ ಮಿಣಕ್ತಾನೇ ಇರ್ತದೆ."

"ಬಿಚ್ಚು."

ಅವನು ಗಂಟನ್ನೇ ಎಳೆಯಹೋದ. ಷಣ್ಮುಖಪ್ಪ ಅವನನ್ನು ತಡೆದು, ಗಂಟು ಕೆಡದಂತೆ ಪಟ್ಟಿಯನ್ನು ಜಾರಿಸಿ ತೆಗೆದು ಲಕೋಟೆಗೆ ಹಾಕಿ ಮೊಹರು ಮಾಡಿದರು.

*

ಸೆಪ್ಟೆಂಬರ್ 19, ಶುಕ್ರವಾರ, ಬೆಳಿಗ್ಗೆ 7.10. ಕ್ಲಬ್ಬೆಂದರೆ ಜೋಳದ ಹೊಲದ ಹಿಂದಿನ ಒಂದು ಬಯಲು, ಒಂದು ಶೀಟಿನ ಕೊಠಡಿ. ಆರೇಳು ಸೈಕಲ್ಲುಗಳು ಹುಲ್ಲಿನ ಮೇಲೆ ಸಾಲಾಗಿ ಮಲಗಿದ್ದವು, ಎಲ್ಲವೂ ಚೈನು ಮೇಲೆ ಮಾಡಿಕೊಂಡು. ಯತೀಶ್ ಸೀಟಿ ಊದುತ್ತಿದ್ದ. ಮೂವತ್ತನಾಲ್ಕು ವರ್ಷ, ಬಿಗಿಯಾದ ಮೈಕಟ್ಟು. ಜೀಪು ನೋಡಿ ಸೀಟಿಯನ್ನು ಬಾಯಿಯಿಂದ ತೆಗೆದ.

"ಏನ್ ಮೇಡಂ, ಮಾತ್ರೆ ವಿಷಯಾನಾ? ಹೇಳಿದ್ನಲ್ಲ ನಾನು..."

"ಹೇಳಿದ್ದೀಯ. ಆ ಸುಳ್ಳಿಗೆ ಕಡತದಲ್ಲಿ ಬೇರೆ ಪ್ಯಾರಾ ಇದೆ. ನಡಿ."

"ಯಾವ ಕೇಸಲ್ಲಿ?"

"ನಿಂಗರಾಜುವಿನ ಸಾವಿನ ಕೇಸಲ್ಲಿ."

"ಅವನ ಎದೆ ಸರಿ ಇರ್ಲಿಲ್ಲ ಮೇಡಂ. ಅದಕ್ಕೆ ನಾನೇನ್ ಮಾಡೋಕಾಗ್ತದೆ?"

"ಸರಿ ಇರಲಿಲ್ಲ ಅಂತ ಅವನೇ ನಿನಗೆ ಚಿತ್ರ ಸಮೇತ ಕಳಿಸಿದ್ದ. ನಿನಗೆ ಗೊತ್ತಿತ್ತು. ಅದಕ್ಕೇ ಬಂದಿದ್ದೀನಿ. ಮಹೇಶ, ಕೈ ಹಿಡ್ಕೊ."

ದಸ್ತಗಿರಿಯ ಸಮಯ 7.18. ಹುಡುಗರು ಸೈಕಲ್ಲುಗಳ ಪಕ್ಕ ನಿಂತು ನೋಡುತ್ತಿದ್ದರು.

ಮಧ್ಯಾಹ್ನ 1.30ಕ್ಕೆ ಸಂಘಮಿತ್ರ ಕಂಪಲಾಪುರಕ್ಕೆ ಹೋದರು. ಪುಟ್ಟಸಿದ್ದಮ್ಮ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದರು.

"ಬಿಚ್ಕೊಂಡೋನು ಯತೀಶ. ಹಿಡಿದಿದ್ದೀವಿ. ಮಾತ್ರೆಯ ಕುರುಹು ಏನೂ ಸಿಕ್ಕಿಲ್ಲ. ಆ ಮಾತಿಗೆ ಆಧಾರ ಇಲ್ಲ ಅಂತ ನ್ಯಾಯಾಲಯಕ್ಕೆ ಬರೆದಿದ್ದೀನಿ."

"ಜೀವ ಇತ್ತಾ?"

ಸಂಘಮಿತ್ರ ಇದಕ್ಕೆ ದಾರಿಯುದ್ದಕ್ಕೂ ಬೇರೆ ಬೇರೆ ಉತ್ತರಗಳನ್ನು ಯೋಚಿಸಿದ್ದರು. ಒಂದನ್ನೂ ಬಳಸಲಿಲ್ಲ.

"ಇತ್ತು ಅಮ್ಮ."

"ಎಷ್ಟೊತ್ತು?"

"ಹದಿನೇಳು ನಿಮಿಷ."

"ನೀರು ಬುಟ್ನಾ?"

"ಇಲ್ಲ. ಸೈಕಲ್ಲಿನ ಬಾಟಲಿ ಮುಕ್ಕಾಲು ತುಂಬಿತ್ತು."

ಪುಟ್ಟಸಿದ್ದಮ್ಮ ಅಳುತ್ತಾರೆಂದು ಸಂಘಮಿತ್ರ ಅಂದುಕೊಂಡಿದ್ದರು. ಅವರು ಎದ್ದು ನಿಂತರು. ಕತ್ತಿನ ನರ ಉಬ್ಬಿತ್ತು.

"ಅವತ್ತು ನಾನೆಲ್ಲಿದ್ದೆ ಗೊತ್ತಾ ಮೇಡಮ್ಮೋರೆ? ಆ ತಿರುವಿನಾಚೆ ಸೊಪ್ಪು ಬೇಯಿಸೋ ಬ್ಯಾರನ್ ಐತಲ್ಲ, ಅಲ್ಲಿ. ಬಿಸಿಲೇರೋ ಮುಂಚೆ ಸೊಪ್ಪು ಇಳಿಸ್ಬೇಕು ಅಂತ ಆರು ಗಂಟೆಗೇ ಓಗಿದ್ದೆ. ಆರು ಜನ ಎಂಗಸ್ರು ಇದ್ವಿ. ಅಲ್ಲಿಂದ ಆ ಪೊದೆ ಕಾಣ್ತದೆ, ಬಗ್ಗಿ ಸೊಪ್ಪು ಇಳಿಸ್ತಿದ್ದೋರು ನಾವು ಆ ಕಡೆ ನೋಡ್ನಿಲ್ಲ. ಓಡಿದ್ರೆ ಎರಡು ನಿಮಿಸ ಇಲ್ಲ. ಕೂಗಿದ್ರೆ ಕೇಳಿಸ್ತಿತ್ತು. ಅವನು ಎತ್ಬ್ಯಾಡ, ಮುಟ್ಬ್ಯಾಡ. ನಿಂತ್ಕೊಂಡು ಒಂದು ಕೂಗು ಆಕಿದ್ರೆ ನಾವೇ ಬಂದು ಎತ್ಕೊಂಡೋಗ್ತಿದ್ವಿ."

ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು.

"ಯಾಕೆ ಕೂಗ್ನಿಲ್ಲ ಅಂತ ಅವನ್ನ ಕೇಳಿ. ಕೇಳಿ ನಂಗೆ ಯೋಳಿ. ತಪ್ಪಾಯ್ತು ಅಂದ, ಕಾಲಿಗೆ ಬಿದ್ದ, ಅದೆಲ್ಲ ನಂಗೆ ಬ್ಯಾಡ. ಇದೊಂದು ಕೇಳಿ."

*

ಸಂಜೆ 4.10ರಿಂದ 5.25ರವರೆಗೆ ಯತೀಶನ ಸ್ವಇಚ್ಛಾ ಹೇಳಿಕೆ ದಾಖಲಾಯಿತು. ಕ್ಯಾಮೆರಾ ದೃಶ್ಯ, ಎರಡು ಗೆರೆಗಳ ಹಾಳೆ, ಸುನೀಲನ ಹೇಳಿಕೆ ನೋಡಿದ ಮೇಲೆ ಅವನು ಏನನ್ನೂ ಅಲ್ಲಗಳೆಯಲಿಲ್ಲ. ಅಂದು ಬೈಕಿನಲ್ಲಿ ನಿಂಗರಾಜುವಿನ ಹಿಂದೆಯೇ ಬರುತ್ತಿದ್ದುದನ್ನೂ ಒಪ್ಪಿಕೊಂಡ.

2009ರಲ್ಲಿ, ಹದಿನೆಂಟು ವರ್ಷದವನಾಗಿದ್ದಾಗ, ಅವನು ಇಂಥದೇ ಒಂದು ಆಯ್ಕೆಗೆ ಹೋಗಿದ್ದ. ಮೂವರನ್ನು ತೆಗೆದುಕೊಂಡರು. ಅವನು ನಾಲ್ಕನೆಯವನು, ಒಂದೂವರೆ ಸೆಕೆಂಡಿನ ಅಂತರ. ಆ ಒಂದೂವರೆ ಸೆಕೆಂಡು ಎಲ್ಲಿ ಹೋಯಿತೆಂದು ಅವನಿಗೆ ಈಗಲೂ ಗೊತ್ತು: ಎರಡನೇ ತಿರುವಿನಲ್ಲಿ ಬ್ರೇಕು ಹಿಡಿದಿದ್ದ. ಹದಿನಾರು ವರ್ಷ ಅದನ್ನೇ ಹುಡುಗರಿಗೆ ಹೇಳಿಕೊಂಡು ಬಂದ. ಬ್ರೇಕು ಹಿಡಿಯಬೇಡಿ, ನಿಲ್ಲಬೇಡಿ. ಕ್ಲಬ್ಬಿನಿಂದ ಒಬ್ಬನೂ ಆಯ್ಕೆಯಾಗಿರಲಿಲ್ಲ. ನಿಂಗರಾಜು ಆಗುತ್ತಿದ್ದ, ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೆ ಸುನೀಲ ಅಕ್ಕನ ಒಬ್ಬನೇ ಮಗ. ಈ ವರ್ಷ ಬಿಟ್ಟರೆ ವಯಸ್ಸಿನ ಮಿತಿ ದಾಟುತ್ತಿತ್ತು. 'ನಿಂಗನಿಗೆ ಇನ್ನೊಂದು ವರ್ಷ ಇತ್ತು' ಎಂದ. ಅದು ಎಂಥ ಮಾತೆಂದು ಅವನಿಗೆ ಹೊಳೆದಂತೆ ಕಾಣಲಿಲ್ಲ.

ಸಂಘಮಿತ್ರ ಕೊನೆಯ ಪ್ರಶ್ನೆಗಳನ್ನು ತಾವೇ ಕೇಳಿದರು. ಷಣ್ಮುಖಪ್ಪ ಬರೆದರು.

"ಬಿದ್ದಾಗ ಉಸಿರಾಡ್ತಿದ್ದನಾ?"

"ಹೂಂ."

"ಏನಾದ್ರೂ ಅಂದ್ನಾ?"

"ಅಣ್ಣ ಅಂದ."

"ತಿರುವಿನಾಚೆ ಬ್ಯಾರನ್ನಿನಲ್ಲಿ ಹೆಂಗಸರು ಕೆಲಸ ಮಾಡ್ತಿದ್ದದ್ದು ಕಾಣಿಸ್ತಾ?"

"ಕಾಣಿಸ್ತು."

"ಯಾಕೆ ಕೂಗಲಿಲ್ಲ?"

ಯತೀಶ್ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಇದ್ದದ್ದು ಹೆದರಿಕೆಯಲ್ಲ. ಗೊತ್ತಿರುವ ಲೆಕ್ಕವನ್ನೇ ಮತ್ತೆ ಕೇಳುತ್ತಾರಲ್ಲ ಎಂಬಂಥ ಬೇಸರ.

"ಇನ್ನೂ ಹನ್ನೊಂದು ಕಿಲೋಮೀಟರ್ ಬಾಕಿ ಇತ್ತಲ್ಲ ಮೇಡಂ."

ಷಣ್ಮುಖಪ್ಪ ಪೆನ್ನು ಎತ್ತಿದರು. "ಇದನ್ನ ಹೆಂಗೆ ಬರೀಲಿ?"

"ಅವನು ಹೇಳಿದ ಹಾಗೇ," ಎಂದರು ಸಂಘಮಿತ್ರ. "ಒಂದಕ್ಷರ ತಿದ್ದಬೇಡಿ. ಇದನ್ನ ನಾನು ಅವರಮ್ಮನಿಗೆ ಓದಿ ಹೇಳಬೇಕು."